ನಲವತ್ತೊಂದು ಕಡತ ತೆಗೆದವರು

ಮ್ಯಾನೇಜರು ನನ್ನ ಮುಂದೆ ಎಸೆದ ಹಾಳೆಯಲ್ಲಿ ನಲವತ್ತೊಂದು ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ಒಬ್ಬ ರೋಗಿಯ ಸಂಖ್ಯೆ, ದಿನಾಂಕ, ಗಂಟೆ. ಕೊನೆಯಲ್ಲಿ ಒಂದೇ ಮಾತು: ಅಳಿಸಿದವರು, ದಾಖಲೆ ಕೊಠಡಿ.

ದಾಖಲೆ ಕೊಠಡಿ ಎಂದರೆ ನಾನು. ಹತ್ತೊಂಬತ್ತು ವರ್ಷಗಳಿಂದ ಆ ಕೊಠಡಿಯಲ್ಲಿ ನನ್ನನ್ನು ಬಿಟ್ಟರೆ ಇರುವುದು ಒಂದು ಫ್ಯಾನು, ಎರಡು ಕಪಾಟು.

"ಸೋಮವಾರ ಹನ್ನೊಂದು ಗಂಟೆಗೆ ಬನ್ನಿ," ಎಂದರು ಮ್ಯಾನೇಜರು. "ಏನು ಹೇಳೋದಿದೆಯೋ ಹೇಳಿ. ಹೇಳೋಕೇನೂ ಇಲ್ಲ ಅಂದ್ರೆ ಬೀಗದ ಕೈ ತಂದುಕೊಡಿ."

"ನಾನು ಒಂದನ್ನೂ ಅಳಿಸಿಲ್ಲ ಸಾರ್."

"ಹಾಗಾದ್ರೆ ಹಾಳೆ ಸುಳ್ಳು ಹೇಳ್ತಿದೆಯಾ ಮೇಡಂ?" ಎಂದಳು ಗೋಡೆಗೊರಗಿ ನಿಂತಿದ್ದ, ಇಲ್ಲಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನನ್ನ ವಾರಗಿತ್ತಿ.

ಮನೆಯಲ್ಲಿ ಅವಳಿಗೆ ನಾನು ಅಕ್ಕ. ಇಲ್ಲಿ ಮೇಡಂ. ಆ ಎರಡು ಮಾತಿನ ನಡುವೆ ಮುಕ್ಕಾಲು ಗಂಟೆಯ ಬಸ್ಸಿನ ದಾರಿ ಇದೆ. ಅಷ್ಟೂ ದೂರ ನಾವಿಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬರುತ್ತೇವೆ.

ನಮ್ಮದು ಕೃತಕ ಕಾಲು ಮಾಡುವ ಕಾರ್ಯಾಗಾರ. ಕಾಲು ಕಳೆದುಕೊಂಡವರು ಬರುತ್ತಾರೆ. ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗಕ್ಕೆ ಪ್ಲಾಸ್ಟರ್ ಸುತ್ತಿ ಅಚ್ಚು ಮಾಡಿ, ಆ ಅಚ್ಚಿನ ಮೇಲೆ ಸಾಕೆಟ್ ಕೂರಿಸುತ್ತಾರೆ. ಸಾಕೆಟ್ ಎಂದರೆ ಉಳಿದ ಕಾಲು ಹೋಗಿ ಕೂರುವ ಬಟ್ಟಲು. ಅದು ಒಂದು ನೂಲಿನಷ್ಟು ಬಿಗಿಯಾದರೂ ಹುಣ್ಣು, ಸಡಿಲವಾದರೂ ಹುಣ್ಣು. ಕಾಲು ವರ್ಷವರ್ಷಕ್ಕೂ ಸೊರಗುತ್ತದೆ. ಆದ್ದರಿಂದ ಹೊಸ ಸಾಕೆಟ್ ಮಾಡುವಾಗ ಹಳೆಯ ಅಳತೆಗಳೆಲ್ಲ ಬೇಕು. ಎಷ್ಟು ಸೊರಗಿತು, ಎಲ್ಲಿ ಉಜ್ಜಿತು, ಯಾವ ಕಡೆಗೆ ವಾಲಿ ನಡೆಯುತ್ತಾರೆ ಎಂಬುದೆಲ್ಲ ಕಡತದಲ್ಲಿರುತ್ತದೆ. ಅಂಥ ಕಡತಗಳಲ್ಲಿ ನಲವತ್ತೊಂದು ಮೂರು ವಾರದೊಳಗೆ ಮಾಯವಾಗಿದ್ದವು. ಅದು ಬೆಳಕಿಗೆ ಬಂದದ್ದು ಒಬ್ಬ ಬಸ್ ಕಂಡಕ್ಟರರಿಂದ. ಬರೀ ಟೇಪಿನ ಅಳತೆಯಲ್ಲಿ ಮಾಡಿದ ಹೊಸ ಸಾಕೆಟ್ ಹಾಕಿಕೊಂಡು ಎರಡು ದಿನ ನಿಂತು ಟಿಕೆಟ್ ಹರಿದ ಆತ, ಮೂರನೆಯ ದಿನ ರಕ್ತ ಸೋರಿಸಿಕೊಂಡು ಬಂದು ಕೂತ. ಆಗ ಕಡತ ಹುಡುಕಿದರು. ಇರಲಿಲ್ಲ.

ಕಡತಗಳು ಡೇಟಾಬೇಸಿನಲ್ಲಿದ್ದವು. ಅದನ್ನು ನೋಡಿಕೊಳ್ಳಲು ಆರು ತಿಂಗಳ ಹಿಂದೆ ಒಂದು ಎಐ ಏಜೆಂಟನ್ನು ತಂದಿದ್ದರು. ನನ್ನ ಕಿಟಕಿಯ ಹೊರಗೆ ಒಂದು ಪರದೆ, ಒಂದು ಮೈಕು. ಕಾಲು ಕೂರಿಸುವ ಫಿಟ್ಟರ್‌ಗಳು ಕೈತುಂಬ ಪ್ಲಾಸ್ಟರ್ ಮೆತ್ತಿಕೊಂಡೇ ಬಂದು ಬಾಯಲ್ಲಿ ಹೇಳಿದರೆ ಸಾಕು, ಅದು ಕೆಲಸ ಮಾಡಿಕೊಡುತ್ತಿತ್ತು. ಏನು ಹೇಳಿದರೂ ಮೊದಲು "ಆಯಿತು" ಎನ್ನುತ್ತಿದ್ದುದರಿಂದ ಎಲ್ಲರೂ ಅದಕ್ಕೆ ಆಯ್ತಪ್ಪ ಎಂದು ಹೆಸರಿಟ್ಟಿದ್ದರು.

ಆಯ್ತಪ್ಪನನ್ನು ಕೆಲಸಕ್ಕೆ ಹಚ್ಚಿದವಳು ನನ್ನ ವಾರಗಿತ್ತಿ. ಬುದ್ಧಿವಂತೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಯ್ತಪ್ಪನಿಗೆ ಬೇರೆ ಹೆಸರಿನಲ್ಲಿ ಪ್ರವೇಶ ಮಾಡಿಸಲು ಮೇಲಿನ ಕಚೇರಿಯ ಅನುಮತಿ ಬೇಕಿತ್ತು, ಅದು ತಡವಾಗುತ್ತಿತ್ತು. ಅದಕ್ಕೆ ಅವಳು ನನ್ನ ಪಾಸ್‌ವರ್ಡ್ ಹಾಕಿಸಿಕೊಂಡು ನನ್ನ ಹೆಸರಿನಲ್ಲೇ ಅವನನ್ನು ಒಳಗೆ ಬಿಟ್ಟಳು. ಅಂದಿನಿಂದ ಅವನು ಮಾಡಿದ್ದೆಲ್ಲ ನಾನು ಮಾಡಿದಂತೆಯೇ ದಾಖಲಾಗುತ್ತಿತ್ತು. ಈ ಮಾತನ್ನು ಅಲ್ಲೇ ಮ್ಯಾನೇಜರ ಮುಂದೆ ಹೇಳಿದೆ.

"ಆಯ್ತಪ್ಪ ಯಾರೂ ಹೇಳದೆ ಒಂದು ಅಕ್ಷರಾನೂ ಅಳಿಸಲ್ಲ," ಎಂದಳು ವಾರಗಿತ್ತಿ. "ಅಳಿಸು ಅಂತ ಫಿಟ್ಟರ್‌ಗಳು ಯಾಕೆ ಹೇಳ್ತಾರೆ? ಅವರಿಗೆ ಕಡತ ಬೇಕಾಗಿರುತ್ತೆ. ಆಯ್ತಪ್ಪನ ಮೇಲೆ ತಪ್ಪು ಹೊರಿಸಬೇಕು ಅನ್ನೋರು ಒಬ್ಬರೇ. ಚಹಾ ಕುಡಿಯುವಾಗ ಹನ್ನೆರಡು ಜನರ ಮುಂದೆ 'ಈ ಆಯ್ತಪ್ಪನ ಹುಟ್ಟಡಗಿಸದೆ ಬಿಡಲ್ಲ' ಅಂದಿದ್ದು ಯಾರು ಮೇಡಂ?"

ನಾನೇ ಅಂದಿದ್ದೆ. ಹನ್ನೆರಡಲ್ಲ, ಹದಿನಾಲ್ಕು ಜನರಿದ್ದರು. ಯಾರು ಏನು ಹೇಳಿದರು ಎಂಬುದನ್ನು ಆಯ್ತಪ್ಪ ಉಳಿಸಿಕೊಳ್ಳುತ್ತಿರಲಿಲ್ಲ; ರೋಗಿಗಳ ವಿಷಯ ಹೊರಗೆ ಹೋಗಬಾರದೆಂದು ಹಾಗೆ ಮಾಡಿದ್ದರು. ಉಳಿದಿದ್ದು ಹಾಳೆಯೊಂದೇ. ಹಾಳೆಯಲ್ಲಿದ್ದುದು ನಾನೊಬ್ಬಳೇ.

ಅಂದು ಅವಳು ನನಗಿಂತ ಮುಂಚಿನ ಬಸ್ಸು ಹಿಡಿದಳು. ನಾನು ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಊಟದ ಮೇಜಿನ ಮೇಲೆ ಹರಡಿತ್ತು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೈದುನ ಕೆಮ್ಮಿದ. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಎತ್ತುವುದು ಕಡಿಮೆ.

"ಕಾಲಿಲ್ಲದೋರ ಮೇಲಾ ನಿನ್ನ ಸಿಟ್ಟು?" ಎಂದರು ಅತ್ತೆ.

"ನಾನಲ್ಲ ಅತ್ತೆ."

"ಇನ್ಯಾರು? ನಿನ್ನ ಹೆಸರೇ ಇದೆಯಂತಲ್ಲ."

"ಅಕ್ಕ ಬೇಕಂತ ಮಾಡಿದ್ರು ಅಂತ ನಾನು ಹೇಳ್ತಿಲ್ಲ," ಎಂದಳು ವಾರಗಿತ್ತಿ ನೀರು ಬಗ್ಗಿಸುತ್ತ. "ಹಾಳೆ ಹೇಳ್ತಿದೆ, ಅಷ್ಟೆ."

ನಾನು ಬಾಯಿ ಬಿಟ್ಟರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತಿದ್ದುದರಿಂದ ತುಟಿ ಕಚ್ಚಿಕೊಂಡು ಬಡಿಸುತ್ತಿದ್ದೆ. ಅತ್ತೆ ಮೇಜಿನ ಮೇಲಿದ್ದ ಮಾತ್ರೆ ಡಬ್ಬಿ ತೋರಿಸಿ ಕಿರಿಯ ಸೊಸೆಗೆ, "ಅದನ್ನ ತೆಗಿಯೇ" ಎಂದರು. ಅವಳು ಡಬ್ಬಿ ಎತ್ತಿ ಗೋಡೆಯ ಹಲಗೆಯ ಮೇಲಿಟ್ಟು ಬಂದಳು.

"ತೆಗಿ ಅಂದ್ರೆ ಎತ್ತಿಟ್ಟು ಬಂದ್ಯಲ್ಲೇ. ಮಾತ್ರೆ ನುಂಗೋದು ಹೆಂಗೆ? ಮುಚ್ಚಳ ತೆಗಿ ಅಂದೆ."

"ಡಬ್ಬಿ ತೆಗಿ ಅಂದ್ರಿ. ತೆಗೆದೆ," ಎಂದಳು ಅವಳು ಮುಖ ಊದಿಸಿಕೊಂಡು.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಆ ಮಾತಿಗೆ ಎರಡು ಮುಖವಿದೆ ಎಂಬುದು ನನಗೆ ಹೊಸದಲ್ಲ. ಹೋದ ತಿಂಗಳು ನಾನೇ ಅದನ್ನು ಬಳಸಿಕೊಂಡಿದ್ದೆ. ಕಪಾಟಿನಲ್ಲಿ ಕಂಪ್ಯೂಟರಿಗಿಂತ ಮುಂಚಿನ ಕಾಗದದ ಕಾರ್ಡುಗಳಿದ್ದವು, ಬಹುಪಾಲು ನನ್ನ ಕೈಬರಹದವು. ಜಾಗ ಬೇಕೆಂದು ವಾರಗಿತ್ತಿ ಒಂದು ಚೀಟಿ ಕಳಿಸಿದ್ದಳು: "ಹಳೆಯ ಕಾರ್ಡುಗಳನ್ನೆಲ್ಲ ತೆಗೆಯಿರಿ. ತೆಗೆದ ಮೇಲೆ ಸಹಿ ಮಾಡಿ." ಹೊರಗೆ ಹಾಕಿ ಎಂದು ಅದರರ್ಥ, ನನಗೆ ಗೊತ್ತಿತ್ತು. ಆದರೂ ನಾನು ಕಪಾಟು ತೆಗೆದೆ, ಕಾರ್ಡುಗಳನ್ನು ತೆಗೆದೆ, ಧೂಳು ಕೊಡವಿ ಮತ್ತೆ ಒಳಗಿಟ್ಟೆ. "ತೆಗೆದಿದ್ದೇನೆ" ಎಂದು ಬರೆದು ಸಹಿ ಹಾಕಿದೆ. ಆಮೇಲೆ ಬೀಗ ಜಡಿದೆ. ಆ ದಿನವೆಲ್ಲ ಒಳಗೊಳಗೇ ನಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಮೊದಲು ಹೋದದ್ದು ಹಿರಿಯ ಫಿಟ್ಟರ್ ಹತ್ತಿರ. ಅವರು ಒಂದು ಮಂಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದರು.

"ಅಣ್ಣ, ಕಡತ ಬೇಕಾದಾಗ ಆಯ್ತಪ್ಪನಿಗೆ ಏನಂತ ಹೇಳ್ತೀರಿ?"

"ಏನಂತ ಹೇಳ್ತಾರಮ್ಮ? ಇಂಥ ನಂಬರಿನ ಫೈಲ್ ತೆಗಿಯಪ್ಪ ಅಂತೀನಿ. ಆಯಿತು, ತೆಗೆಯಲಾಗಿದೆ ಅಂತಾನೆ. ಎಲ್ಲಿ ತೆಗೆದ್ಯೋ ಪುಣ್ಯಾತ್ಮ ಅಂತ ನೋಡಿದ್ರೆ ಪರದೆ ಸುಣ್ಣ ಹೊಡೆದ ಗೋಡೆ ಥರ. ಮೂರು ವಾರದಿಂದ ಇದೇ ಆಟ. ಬೈದು, ಟೇಪು ಹಿಡ್ಕೊಂಡು ನಾನೇ ಅಳತೆ ಮಾಡ್ಕೋತೀನಿ."

ಪಕ್ಕದ ಮೇಜಿನ ಫಿಟ್ಟರಮ್ಮ ತಲೆ ಎತ್ತಿದಳು. "ನನಗೆ ಬರುತ್ತಲ್ಲ."

"ನೀನು ಏನಂತೀಯ?"

"ತೋರ್ಸು ಅಂತೀನಿ. ತೋರಿಸ್ತಾನೆ."

ನನಗೊಂದು ಹಳೆಯ ಚಾಳಿ ಇದೆ. ಕಿಟಕಿಯಾಚೆ ಯಾರು ಯಾವ ನಂಬರ್ ಕೇಳಿದರೆಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಆಯ್ತಪ್ಪ ಬಂದ ಮೇಲೂ ಬಿಟ್ಟಿರಲಿಲ್ಲ. ಅವನು ಎಷ್ಟು ಸಲ ಎಡವುತ್ತಾನೆಂದು ಲೆಕ್ಕವಿಡುವ ಹಟ. ಹಾಳೆಯನ್ನು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ನಲವತ್ತೊಂದಕ್ಕೆ ನಲವತ್ತೊಂದೂ ಹಿರಿಯ ಫಿಟ್ಟರ್ ಕೇಳಿದವು. ಫಿಟ್ಟರಮ್ಮ ಕೇಳಿದ್ದು ಒಂದೂ ಇಲ್ಲ.

ಕಂಪ್ಯೂಟರ್ ಕೋಣೆಗೆ ಹೋಗಿ ವಾರಗಿತ್ತಿಯ ಮುಂದೆ ನಿಂತೆ.

"ಆಯ್ತಪ್ಪನಿಗೆ ನೀನು ಬರೆದುಕೊಟ್ಟಿರೋದನ್ನ ನಾನು ನೋಡಬೇಕು."

"ಟೂಲ್‌ಗಳ ವಿವರಣೆನಾ? ಅದು ನಿಮಗೆ ಅರ್ಥ ಆಗಲ್ಲ ಮೇಡಂ."

"ಆಯ್ತಪ್ಪನಿಗೆ ಅರ್ಥ ಆಗೋದು ನನಗೆ ಆಗಲ್ವಾ?"

"ಸೋಮವಾರ ಮ್ಯಾನೇಜರ್ ಹೇಳಿದ್ರೆ ತೋರಿಸ್ತೀನಿ. ಈಗ ಬಾಗಿಲು ಹಾಕ್ಕೊಂಡು ಹೋಗಿ."

ಸೋಮವಾರ ಮ್ಯಾನೇಜರು ಹೇಳಿದರು. ಅವಳು ತೋರಿಸಬೇಕಾಯಿತು. ಕೋಣೆಯಲ್ಲಿ ಇದ್ದುದು ಅವರಿಬ್ಬರು, ನಾನು, ನಾನು ಎಳೆದುಕೊಂಡು ಬಂದ ಹಿರಿಯ ಫಿಟ್ಟರ್.

ಡೇಟಾಬೇಸಿನಲ್ಲಿ ಆಯ್ತಪ್ಪ ತಾನಾಗಿ ಏನೂ ಮಾಡಲಾರ. ಅವನ ಕೈಗೆ ಕೆಲವು ಟೂಲ್‌ಗಳನ್ನು ಕೊಟ್ಟಿರುತ್ತಾರೆ; ಒಂದೊಂದು ಒಂದೊಂದು ಕೆಲಸಕ್ಕೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ವಿವರಣೆ ಅಂಟಿಸಿರುತ್ತದೆ. ಜನ ಹೇಳಿದ ಮಾತನ್ನು ಆ ವಿವರಣೆಗೆ ಹೋಲಿಸಿ ನೋಡಿ ಯಾವುದನ್ನು ಎತ್ತಿಕೊಳ್ಳಬೇಕೆಂದು ಅವನು ತೀರ್ಮಾನಿಸುತ್ತಾನೆ. ಮೊದಲು ಅವೆಲ್ಲ ಇಂಗ್ಲಿಷಿನಲ್ಲಿದ್ದವು. ಮೂರು ವಾರದ ಹಿಂದೆ ಮ್ಯಾನೇಜರೇ "ಎಲ್ಲರಿಗೂ ತಿಳಿಯೋ ನಮ್ಮ ಮಾತಲ್ಲಿ, ಚಿಕ್ಕದಾಗಿ ಬರೀರಿ" ಎಂದಿದ್ದರಂತೆ. ಅವಳು ಬರೆದಿದ್ದಳು. ಪರದೆಯ ಮೇಲೆ ಹನ್ನೊಂದು ಸಾಲು. ನೋಡು: ಕಡತಗಳನ್ನು ನೋಡಲು. ಸೇರಿಸು: ಕಡತ ಸೇರಿಸಲು. ಏಳನೆಯದು, ತೆಗೆ: ಕಡತ ತೆಗೆಯಲು.

"ಏಳನೆಯದು ಯಾಕಿದೆ?" ಎಂದು ಕೇಳಿದೆ.

"ಒಬ್ಬರದೇ ಎರಡು ಕಡತ ಆಗಿದ್ರೆ ಒಂದನ್ನ ತೆಗೆಯೋಕೆ."

"ಅಂದ್ರೆ ಅಳಿಸೋಕೆ."

"ತೆಗೆಯೋದು ಅಂದ್ರೆ ಇನ್ನೇನು?"

ಮ್ಯಾನೇಜರ ಕಡೆ ತಿರುಗಿದೆ. "ಒಂದು ಸುಳ್ಳು ಕಡತ ಮಾಡಿಸಿ ಸಾರ್. ಅವಳ ಕೈಯಿಂದಲೇ."

ಅವಳು 9999 ಎಂಬ ಸಂಖ್ಯೆಯಲ್ಲಿ ಒಂದು ಕಡತ ಮಾಡಿದಳು. ಹೆಸರು "ಪರೀಕ್ಷೆ", ಬಲಗಾಲು, ಸುತ್ತಳತೆ ಬಾಯಿಗೆ ಬಂದದ್ದು. ಹಿರಿಯ ಫಿಟ್ಟರ್ ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ಬಗ್ಗಿದರು.

"ಅಪ್ಪಾ, ನಾಲ್ಕು ಒಂಬತ್ತು. ಫೈಲ್ ತೆಗಿ."

"ಆಯಿತು. ಕಡತವನ್ನು ತೆಗೆಯಲಾಗಿದೆ."

ಪರದೆ ಬೆಳ್ಳಗಾಯಿತು. ವಾರಗಿತ್ತಿ ಹುಡುಕಿದಳು. ಇನ್ನೊಮ್ಮೆ ಹುಡುಕಿದಳು. 9999 ಎಲ್ಲೂ ಇರಲಿಲ್ಲ.

"ಅವರು ಹೇಳೋದು ತಪ್ಪು," ಎಂದಳು. ಅವಳ ಕಿವಿಯ ತುದಿ ಕೆಂಪಾಗಿತ್ತು. "ತೆರೆ ಅನ್ಬೇಕು. ನಾನು ಬರೆದಿರೋದು ಸರಿಯಾಗೇ ಇದೆ."

"ನಾನು ಐವತ್ತೇಳು ವರ್ಷದಿಂದ ಬಾಗಿಲು ತೆಗೀತಾ ಬಂದಿದ್ದೀನಮ್ಮ," ಎಂದರು ಫಿಟ್ಟರ್. "ಇವತ್ತಿನವರೆಗೂ ಒಂದು ಬಾಗಿಲೂ ಕಳೆದುಹೋಗಿಲ್ಲ."

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದು ಎದ್ದು ಹೋಗುತ್ತಿದ್ದೆ. ಅವಳು ನಿಲ್ಲಿಸಲಿಲ್ಲ. ಕೈಚೀಲದಿಂದ ಒಂದು ಚೀಟಿ ಎಳೆದು ಮೇಜಿನ ಮೇಲೆ ಹಾಕಿದಳು.

"ಸಾರ್, ಕಚೇರಿಯಲ್ಲಿ ಈ ಮಾತಿಗೆ ಇರೋದು ಒಂದೇ ಅರ್ಥ. ಹಳೆಯ ಕಾರ್ಡು ತೆಗೆಯಿರಿ ಅಂತ ನಾನು ಬರೆದಿದ್ದೆ. ಮೇಡಂ ಅದನ್ನ ಸರಿಯಾಗೇ ಅರ್ಥ ಮಾಡ್ಕೊಂಡು 'ತೆಗೆದಿದ್ದೇನೆ' ಅಂತ ಸಹಿ ಹಾಕಿದ್ದಾರೆ. ಆಗ ತಿಳೀತು, ಈಗ ತಿಳಿಯಲ್ಲ ಅಂದ್ರೆ ಹೇಗೆ? ಕೇಳಿ, ಆ ಕಾರ್ಡುಗಳು ಈಗ ಎಲ್ಲಿವೆ?"

ಮ್ಯಾನೇಜರು ನನ್ನನ್ನು ನೋಡಿದರು. ಹೊರಗೆ ಹಾಕಿದೆ ಎಂದು ಒಂದು ಸುಳ್ಳು ಹೇಳಿದ್ದರೆ ನನ್ನ ಸಹಿ ಉಳಿಯುತ್ತಿತ್ತು. ಆದರೆ ಅವಳ ವಾದವೂ ಉಳಿಯುತ್ತಿತ್ತು. ಮೇಲಾಗಿ ಕಂಡಕ್ಟರರಂಥವರು ನಲವತ್ತೊಂದು ಮಂದಿ ಹೊರಗಿದ್ದರು; ಅವರಲ್ಲಿ ಕೆಲವರ ಅಳತೆ ಆ ಕಾರ್ಡುಗಳಲ್ಲೇ ಇರಬಹುದಿತ್ತು.

ಬೀಗದ ಕೈ ಮೇಜಿನ ಮೇಲಿಟ್ಟೆ. "ಕಪಾಟಿನಲ್ಲೇ ಇವೆ ಸಾರ್."

"ತೆಗೆದಿದ್ದೇನೆ ಅಂತ ಬರೆದಿದ್ದೀರಿ."

"ತೆಗೆದಿದ್ದೆ. ಧೂಳು ಹೊಡೆದೆ. ಮತ್ತೆ ಒಳಗಿಟ್ಟೆ."

ಫಿಟ್ಟರ್ ಮೂಗಿನಲ್ಲಿ ಒಂದು ಸದ್ದು ಮಾಡಿ ಕರವಸ್ತ್ರ ಹುಡುಕಿಕೊಂಡರು. ಮ್ಯಾನೇಜರು ನಗಲಿಲ್ಲ.

"ಇದು ಕುಚೋದ್ಯ. ಅವರು ಏನು ಹೇಳಿದ್ರು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಸಾರ್. ನಾನು ಗೊತ್ತಿದ್ದೂ ಮಾಡಿದೆ. ಆಯ್ತಪ್ಪ ಗೊತ್ತಿಲ್ಲದೆ ಮಾಡಿದ. ಆದ್ರೆ ಇಬ್ಬರಿಗೂ ದಾರಿ ಮಾಡಿಕೊಟ್ಟಿದ್ದು ಒಂದೇ ಕೈ ಬರೆದ ಒಂದೇ ಮಾತು."

ಆಮೇಲೆ ಮ್ಯಾನೇಜರು ಬೀಗದ ಕೈಯನ್ನು ನನ್ನ ಕಡೆಗೆ ತಳ್ಳಿದರು. ಕೆಲಸ ಉಳಿಯಿತು. ಕಾರ್ಡಿನ ವಿಷಯಕ್ಕೆ ನನಗೊಂದು ಎಚ್ಚರಿಕೆ ಪತ್ರ, ಏಳನೆಯ ಸಾಲಿಗೂ ನನ್ನ ಪಾಸ್‌ವರ್ಡಿಗೂ ಸೇರಿಸಿ ಅವಳಿಗೊಂದು. "ಚಿಕ್ಕದಾಗಿ ಬರೀರಿ" ಎಂದ ತಮಗೆ ಅವರು ಏನನ್ನೂ ಬರೆದುಕೊಳ್ಳಲಿಲ್ಲ. "ಇಬ್ಬರೂ ಒಂದೇ ಮೇಜಿಗೆ ಕೂತು ಹನ್ನೊಂದನ್ನೂ ಮತ್ತೆ ಬರೀರಿ. ಇಬ್ಬರ ಸಹಿಯೂ ಇರಬೇಕು," ಎಂದರು. ನನಗೆ ಎಚ್ಚರಿಕೆ ಪತ್ರಕ್ಕಿಂತ ಇದೇ ದೊಡ್ಡ ಶಿಕ್ಷೆ ಅನ್ನಿಸಿತು. ಅವಳ ಮುಖ ನೋಡಿದರೆ ಅವಳಿಗೂ ಹಾಗೇ.

ಮಧ್ಯಾಹ್ನ ಕೂತೆವು. ಅವಳು ಕೀಲಿಮಣೆಯ ಮುಂದೆ, ನಾನು ಎದುರಿಗೆ.

"ಹೇಳಿ ಮೇಡಂ. ನಿಮಗೆಲ್ಲ ಗೊತ್ತಲ್ಲ."

"ಹೆಸರು ಬದಲಾಯಿಸು. ಅಳಿಸು ಅಂತ ಹಾಕು. ಕೆಳಗೆ ಬರಿ: ಬೇಡವಾದ ಕಡತವನ್ನು ಅಳಿಸಲು."

ಅವಳ ಬೆರಳು ಆಡಲಿಲ್ಲ. "ಯಾರಿಗೆ ಬೇಡವಾದ? ಆಯ್ತಪ್ಪನಿಗೆ ಬೇಡ ಅನ್ನಿಸಿದ್ರೆ? ಎರಡು ವರ್ಷದಿಂದ ಬರದೇ ಇರೋರ ಕಡತ ಬೇಡವಾದದ್ದು ಅಂತ ಅವನು ಅಂದ್ಕೊಂಡ್ರೆ? ನನಗೆ ಬೈದು ಈಗ ನೀವೂ ಅದನ್ನೇ ಮಾಡ್ತಿದ್ದೀರಿ."

ಅವಳು ಹೇಳಿದ್ದು ಸರಿಯಿತ್ತು; ಅದು ಇನ್ನೂ ಚುಚ್ಚಿತು. ಆ ಒಂದು ಟೂಲಿನ ಮೇಲೆ ಒಂದೂವರೆ ಗಂಟೆ ಕಿತ್ತಾಡಿದೆವು. ನಾನು ಒಂದು ಮಾತು ಹೇಳಿದರೆ ಅವಳು ಅದರಲ್ಲಿ ತೂತು ಹುಡುಕುವುದು, ಅವಳು ಟೈಪ್ ಮಾಡಿದರೆ ನಾನು ಹುಡುಕುವುದು. ಸ್ನೇಹಿತೆಯರಾಗಿದ್ದರೆ ಅಷ್ಟು ತೂತುಗಳು ಸಿಗುತ್ತಿರಲಿಲ್ಲ. ಕೊನೆಗೆ ಉಳಿದದ್ದು ಇದು:

"ಅಳಿಸು. ಈ ಟೂಲ್ ಒಬ್ಬ ರೋಗಿಯ ಕಡತವನ್ನು ಡೇಟಾಬೇಸಿನಿಂದ ಅಳಿಸಿಹಾಕುತ್ತದೆ. ಅಳಿಸಿದ್ದನ್ನು ನೀನು ಮರಳಿ ತರಲಾರೆ. ಒಬ್ಬರಿಗೇ ಎರಡು ಕಡತಗಳಿವೆ ಎಂದು ದಾಖಲೆ ಕೊಠಡಿಯವರು ಸಂಖ್ಯೆ ಸಹಿತ ತಿಳಿಸಿದಾಗ ಮಾತ್ರ ಬಳಸು. ಬಳಸುವ ಮೊದಲು ರೋಗಿಯ ಹೆಸರು ಓದಿ ಹೇಳಿ, 'ಅಳಿಸಲೇ?' ಎಂದು ಕೇಳಿ, 'ಅಳಿಸು' ಎಂಬ ಉತ್ತರಕ್ಕೆ ಕಾಯಿ. ಯಾರಾದರೂ 'ಫೈಲ್ ತೆಗಿ' ಎಂದರೆ ಅವರಿಗೆ ಕಡತ ನೋಡಬೇಕಾಗಿದೆ ಎಂದು ತಿಳಿ. ಆಗ ಇದನ್ನು ಮುಟ್ಟಬೇಡ, 'ನೋಡು' ಟೂಲ್ ಬಳಸು. 'ತೆಗೆಯಲಾಗಿದೆ' ಎಂದು ಯಾರಿಗೂ ಉತ್ತರ ಕೊಡಬೇಡ. ತೋರಿಸಿದೆ ಎನ್ನು, ಇಲ್ಲವೇ ಅಳಿಸಿದೆ ಎನ್ನು."

"ಉದ್ದವಾಯಿತು," ಎಂದಳು.

"ಆಗಲಿ. ಓದೋನು ಅವನು. ಅವನಿಗೇನು ಕಣ್ಣು ನೋಯುತ್ತಾ?"

ಡೇಟಾಬೇಸಿನ ಪ್ರತಿ ದಿನದ ನಕಲನ್ನು ಹದಿನಾಲ್ಕು ದಿನ ಇಟ್ಟಿರುತ್ತಾರಂತೆ. ಅವುಗಳಿಂದ ಅವಳು ಇಪ್ಪತ್ತಮೂರು ಕಡತ ಮರಳಿ ತಂದಳು. ಮೊದಲ ವಾರ ಹೋದ ಹದಿನೆಂಟರ ನಕಲು ಇರಲಿಲ್ಲ. ಅವುಗಳಲ್ಲಿ ಒಂಬತ್ತು ಮಂದಿಯ ಅಳತೆ ನನ್ನ ಕಪಾಟಿನ ಕಾರ್ಡಿನಲ್ಲಿ ಸಿಕ್ಕಿತು. ಇನ್ನೊಂಬತ್ತು ಮಂದಿ ಕಾರ್ಡು ನಿಂತ ಮೇಲೆ ಬಂದವರು. ಕಂಡಕ್ಟರ್ ಅವರಲ್ಲೊಬ್ಬ.

ಸಂಜೆ ಒಂದೇ ಬಸ್ಸು ಹತ್ತಿದೆವು. ಅವಳ ಪಕ್ಕದ ಸೀಟು ಖಾಲಿ ಇತ್ತು. ನಾನು ನಿಂತೇ ಬಂದೆ. ಇಳಿಯುವ ಮೊದಲು ಬಗ್ಗಿ ಹೇಳಿದೆ: "ಶುಕ್ರವಾರ ಎಲ್ಲಿ ಕೂತು ಹೇಳಿದ್ಯೋ, ಯಾರ ಮುಂದೆ ಹೇಳಿದ್ಯೋ, ಅಲ್ಲೇ, ಅವರ ಮುಂದೇ ಹೇಳು."

ಊಟಕ್ಕೆ ಎಲ್ಲರೂ ಕೂತ ಮೇಲೆ ಅವಳು ನೀರಿನ ಲೋಟ ಕೆಳಗಿಟ್ಟಳು.

"ಆ ಕಡತದ ವಿಷಯ. ಏನೋ ಸ್ವಲ್ಪ ತಪ್ಪು ತಿಳುವಳಿಕೆ ಆಗಿತ್ತು. ಈಗ ಸರಿಹೋಯ್ತು."

"ಯಾರಿಗೆ ಆಗಿತ್ತು?" ಎಂದೆ. "ಏನು ಸರಿಹೋಯ್ತು? ಬಿಡಿಸಿ ಹೇಳು. ಆಯ್ತಪ್ಪನಿಗೆ ಹೇಳೋ ಹಾಗೆ."

ಮೈದುನ, "ಬಿಡಿ ಅತ್ತಿಗೆ, ಹೇಳಿದಳಲ್ಲ" ಎಂದ. ನಾನು ಬಿಡಲಿಲ್ಲ. ಆ ದಿನ ನನ್ನ ಗಂಡ ತಲೆ ಎತ್ತಿದರು.

ವಾರಗಿತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಮಧ್ಯಾಹ್ನ ಓದಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು: "ನಲವತ್ತೊಂದು ಕಡತ ಅಳಿಸಿದ್ದು ಅಕ್ಕ ಅಲ್ಲ. ನಾನು ಬರೆದ ಒಂದು ಸಾಲು ಓದಿ ಯಂತ್ರ ಅಳಿಸಿತು. ಆ ಸಾಲು ತಪ್ಪಾಗಿತ್ತು. ಅಕ್ಕನ ಹೆಸರು ಹಾಳೆಯಲ್ಲಿ ಬಂದಿದ್ದು ನಾನು ಅವರ ಪಾಸ್‌ವರ್ಡ್ ಬಳಸಿದ್ದರಿಂದ." ಒಂದು ಉಸಿರು ಎಳೆದುಕೊಂಡಳು. "ಕಾರ್ಡು ಹೊರಗೆ ಹಾಕದೆ, ಹಾಕಿದೀನಿ ಅಂತ ನಾನು ನಂಬೋ ಹಾಗೆ ಸಹಿ ಮಾಡಿ ಒಂದು ತಿಂಗಳು ನನ್ನನ್ನ ಏಮಾರಿಸಿದ್ದು ಅಕ್ಕ. ಅದನ್ನೂ ಸೇರಿಸ್ತಿದೀನಿ. ವಿವರಣೆ ಪೂರ್ತಿ ಇರಬೇಕಲ್ಲ."

"ಇರಬೇಕು," ಎಂದೆ.

ಅತ್ತೆ ಇಬ್ಬರನ್ನೂ ನೋಡಿದರು. ಮಾತ್ರೆ ಡಬ್ಬಿಯನ್ನು ಯಾರಿಗೂ ಹೇಳದೆ ತಾವೇ ಎಳೆದುಕೊಂಡು ಉಗುರು ಹಾಕಿ ಮುಚ್ಚಳ ಎಬ್ಬಿಸಿದರು.

"ನಿಮ್ಮ ಜಗಳ ನಿಮಗಿರಲಿ. ಆ ಟಿಕೆಟ್ ಹರಿಯೋನಿಗೆ ಕಾಲು ಸಿಕ್ತಾ?"

"ನಾಳೆ ಬರ್ತಾನೆ," ಎಂದೆ. "ಹುಣ್ಣಿಗೆ ಮುಲಾಮು ಹಚ್ಚಿ ಕಳಿಸ್ತಾರೆ. ಅದು ಮಾಗಿದ ಮೇಲೆ ಮೊದಲಿಂದ ಪ್ಲಾಸ್ಟರ್ ಸುತ್ತಬೇಕು. ಮೂರು ವಾರ ಆಗುತ್ತೆ."

"ಅಲ್ಲಿವರೆಗೆ?"

"ಮನೇಲಿ ಕೂರಬೇಕು."

ವಾರಗಿತ್ತಿ ಎದ್ದು ತಟ್ಟೆ ತೆಗೆದುಕೊಂಡು ಹೋದಳು. ನಲ್ಲಿಯ ಸದ್ದಿನ ನಡುವೆ ಅಡುಗೆಮನೆಯಿಂದ ಅವಳ ದನಿ ಕೇಳಿತು. "ಅವನಿಗೆ ಹೇಳೋದು ಯಾರು? ನೀವೋ, ನಾನೋ?"

"ನೀನು ಹೇಳು," ಎಂದೆ. "ನಾನು ಪಕ್ಕದಲ್ಲಿ ನಿಂತಿರ್ತೀನಿ. ಏನಾದ್ರೂ ಬಿಟ್ರೆ ಸೇರಿಸ್ತೀನಿ."